ಟರ್ಬೋ ಗಾಡಿ ಹೊಗೆ ಬಿಡುತ್ತಿದೆಯಾ? ಬಣ್ಣ ನೋಡಿ, ಯಾವಾಗ ಬರುತ್ತದೆ ಅಂತ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಟರ್ಬೋ (ಎಂಜಿನ್‌ಗೆ ಒತ್ತಡದಲ್ಲಿ ಜಾಸ್ತಿ ಗಾಳಿ ತುಂಬುವ ಫ್ಯಾನಿನಂಥ ಸಾಧನ) ಇರುವ ಕಾರು ಹೊಗೆ ಕಕ್ಕಿದ ಕೂಡಲೇ ಕೇಳಿಬರುವ ಮಾತು ಒಂದೇ: "ಟರ್ಬೋ ಹೋಗಿದೆ." ತುಮಕೂರಿನಲ್ಲೂ ಅದೇ, ಶಿರಾದಲ್ಲೂ ಅದೇ, ಕೋಲಾರ, ಚಿಕ್ಕಬಳ್ಳಾಪುರಕ್ಕೆ ಹೋದರೂ ಅದೇ. ಟರ್ಬೋ ಬದಲಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಅಷ್ಟು ಸುರಿದ ಮೇಲೂ ಹೊಗೆ ನಿಲ್ಲದೆ, ಕೊನೆಗೆ ಹರಿದ ಒಂದು ರಬ್ಬರ್ ಪೈಪೋ ಕಟ್ಟಿಕೊಂಡ ಏರ್ ಫಿಲ್ಟರೋ ಕಾರಣ ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟರ್ಬೋ ಮೇಲೆ ಅನುಮಾನ ಪಡುವುದು ಕೊನೆಗೆ. ಅದಕ್ಕೂ ಮೊದಲು ನೋಡಬೇಕಾದದ್ದು ಬಹಳ ಇದೆ, ಅದರಲ್ಲಿ ಅರ್ಧಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಎರಡು ವಿಷಯ ಗಮನಿಸಬೇಕು. ಮೊದಲನೆಯದು ಬಣ್ಣ. ಏನು ಉರಿಯುತ್ತಿದೆ ಅನ್ನುವುದನ್ನು ಬಣ್ಣ ಹೇಳುತ್ತದೆ. ಕಪ್ಪು ಅಂದರೆ ಇಂಧನ ಜಾಸ್ತಿ, ಗಾಳಿ ಕಮ್ಮಿ. ನೀಲಿ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಅಂದರೆ ನೀರಿನ ಆವಿ, ಇಲ್ಲವೇ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ), ಇಲ್ಲವೇ ಉರಿಯದೆ ಹೊರಬಂದ ಡೀಸೆಲ್. ಎರಡನೆಯದು ಹೊತ್ತು. ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಅದು ಹೇಳುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರವಾ, ಸಿಗ್ನಲ್‌ನಲ್ಲಿ ನಿಂತು ಹೊರಟಾಗಲಾ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲಾ, ಇಳಿಜಾರಿನಲ್ಲಿ ಕಾಲು ಎತ್ತಿ ಮತ್ತೆ ಒತ್ತಿದಾಗಲಾ? ಇದು ಗೊತ್ತಿಲ್ಲದೆ ಬರೀ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ.

ನಮ್ಮ ಗಾಡಿಯ ಹೊಗೆ ನಮಗೇ ಕಾಣುವುದಿಲ್ಲ. ಸ್ನೇಹಿತರೊಬ್ಬರನ್ನು ಬೇರೆ ಗಾಡಿಯಲ್ಲಿ ಹಿಂದೆ ಬರಲು ಹೇಳಿ, ಅವರ ಪಕ್ಕದಲ್ಲಿ ಕೂತವರು ಮೊಬೈಲ್‌ನಲ್ಲಿ ವಿಡಿಯೋ ಮಾಡಲಿ. ದೇವರಾಯನದುರ್ಗದ ರಸ್ತೆ ಇದಕ್ಕೆ ಚೆನ್ನಾಗಿದೆ. ಹತ್ತುವಾಗ ಎಂಜಿನ್ ಮೇಲೆ ಭಾರ ಬೀಳುತ್ತದೆ, ಇಳಿಯುವಾಗ ಕಾಲು ಎತ್ತಿರುತ್ತೀರಿ. ಎರಡೂ ಸಂದರ್ಭ ಒಂದೇ ಓಟದಲ್ಲಿ ಸಿಗುತ್ತವೆ. ಬೆಳಕು ಇರುವಾಗ ಹೋಗಿ, ಸಂಜೆ ಮಬ್ಬಿನಲ್ಲಿ ನೀಲಿ ಯಾವುದು ಬಿಳಿ ಯಾವುದು ಗೊತ್ತಾಗುವುದಿಲ್ಲ.

ಕೈ ಹಾಕುವ ಮೊದಲು

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಅಥವಾ ಕೂಲೆಂಟ್ ಡಬ್ಬಿಯ ಮುಚ್ಚಳ ತಿರುಗಿಸಬೇಡಿ. ಒಳಗೆ ಒತ್ತಡದಲ್ಲಿ ಕುದಿಯುವ ನೀರಿರುತ್ತದೆ, ಮುಖಕ್ಕೇ ಹಾರುತ್ತದೆ. ಕೀ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ದೂರ ಇರಲಿ. ಟರ್ಬೋ ಮತ್ತು ಅದರ ಹತ್ತಿರದ ಪೈಪುಗಳು ಆರಲು ಗಂಟೆಗಟ್ಟಲೆ ಬೇಕು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಹಳೇ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡುತ್ತಿದ್ದರು. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಈಗಿನ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಅದನ್ನು ಮಾಡಲೇಬಾರದು. ಪೈಪಿನೊಳಗಿನ ಒತ್ತಡ 1,600 ಬಾರ್, ಕೆಲವು ಗಾಡಿಗಳಲ್ಲಿ 2,000 ಬಾರ್ ತನಕ ಹೋಗುತ್ತದೆ. ಕೂದಲೆಳೆಯಷ್ಟು ಸಣ್ಣ ಧಾರೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಮೇಲೆ ಚುಕ್ಕೆಯಷ್ಟೇ ಗಾಯ ಕಾಣುತ್ತದೆ, ಆದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ನೆ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹೊಗೆ ಬರುತ್ತಿರುವುದು ಸೈಲೆನ್ಸರ್‌ನಿಂದಲೇನಾ?

ಇದೇನು ಪ್ರಶ್ನೆ ಅನ್ನಬೇಡಿ. ಸುಗ್ಗಿ ಕಾಲದಲ್ಲಿ ಮಧುಗಿರಿ, ಪಾವಗಡ, ಬಾಗೇಪಲ್ಲಿ, ಚಿಂತಾಮಣಿ ಕಡೆಯ ರಸ್ತೆಗಳಲ್ಲಿ ಹುರುಳಿ, ರಾಗಿ ತೆನೆ ಹರಡಿರುತ್ತಾರೆ. ಗಾಡಿಗಳು ಓಡಾಡಿದರೆ ಒಕ್ಕಣೆ ಆಗುತ್ತದೆ ಅಂತ. ಹುರುಳಿ ಬಳ್ಳಿ ಸುಮ್ಮನೆ ಬಿದ್ದಿರುವುದಿಲ್ಲ, ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಅಡಿಯಿಂದ ಬಿಳಿ ಹೊಗೆ, ಒಣಹುಲ್ಲು ಸುಟ್ಟ ವಾಸನೆ. ಇದರಿಂದ ಕಾರಿಗೆ ಬೆಂಕಿ ಹತ್ತಿದ್ದೂ ಇದೆ. ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ಬಗ್ಗಿ ನೋಡಿ. ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಬಾನೆಟ್ ಸಂದಿಯಿಂದ ಹೊಗೆ ಬಂದರೆ ಅದೂ ಬೇರೆ ಕಥೆ. ಆಯಿಲ್ ಸೋರಿ ಬಿಸಿ ಟರ್ಬೋ ಮೇಲೆ ಬೀಳುತ್ತಿರಬಹುದು. ಆಯಿಲ್ ಬದಲಿಸಿ ಬಂದ ದಿನವೇ ಹೀಗಾದರೆ, ತುಂಬುವಾಗ ಚೆಲ್ಲಿದ್ದು ಸುಡುತ್ತಿರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಗಾಡಿ ಓಡಿಸಬೇಡಿ.

ಯಾವ ಬಣ್ಣವೇ ಇರಲಿ, ಮೊದಲು ಇಷ್ಟು ನೋಡಿ

ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ ಎಳೆಯಿರಿ. ಒರೆಸಿ, ಮತ್ತೆ ಹಾಕಿ, ಮತ್ತೆ ಎಳೆಯಿರಿ. ಮಟ್ಟ ಕೆಳಗಿನ ಗೆರೆಗಿಂತ ಕೆಳಗಿದ್ದರೆ ಆಯಿಲ್ ಎಲ್ಲೋ ಹೋಗುತ್ತಿದೆ. ಮೇಲಿನ ಗೆರೆಗಿಂತ ಮೇಲಿದ್ದರೆ ಅದೂ ತಪ್ಪೇ. "ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೇದು" ಅಂತ ಕೆಲವರು ಹಾಕಿಬಿಡುತ್ತಾರೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಆ ಆಯಿಲ್ಲನ್ನು ಕಡೆದು ನೊರೆ ಮಾಡುತ್ತದೆ, ಅದು ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಗಾಳಿಯ ದಾರಿಗೆ ಬಂದು ನೀಲಿ ಹೊಗೆಯಾಗುತ್ತದೆ. ಜಾಸ್ತಿ ಇದ್ದದ್ದನ್ನು ತೆಗೆದರೆ ಕಥೆ ಅಲ್ಲಿಗೇ ಮುಗಿಯಬಹುದು. ಕಡ್ಡಿ ಮೂಸಿಯೂ ನೋಡಿ. ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ ಮುಂದೆ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬಗ್ಗೆ ಬರೆದಿರುವುದನ್ನು ಓದಿ.

ಕೂಲೆಂಟ್ ಡಬ್ಬಿಯ ಮಟ್ಟಕ್ಕೆ ಹೊರಗಿನಿಂದಲೇ ಮಾರ್ಕರ್‌ನಲ್ಲಿ ಗೆರೆ ಹಾಕಿ ದಿನಾ ಬೆಳಗ್ಗೆ ನೋಡುತ್ತಾ ಬನ್ನಿ. ಒಂದು ವಾರಕ್ಕೆ ಕಮ್ಮಿ ಆಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಆಮೇಲೆ ಏರ್ ಫಿಲ್ಟರ್. ನಮ್ಮ ಭಾಗದ ಧೂಳು ಗೊತ್ತಲ್ಲ. ಕ್ರಷರ್ ಲಾರಿಗಳ ಹಿಂದೆ ಓಡಾಡುವವರು, ಮಾಲೂರಿನ ಇಟ್ಟಿಗೆ ಗೂಡುಗಳ ಕಡೆಯವರು, ತೋಟದ ಮಣ್ಣು ದಾರಿಯಲ್ಲಿ ದಿನಾ ಹೋಗುವವರು ಸರ್ವಿಸ್ ಪುಸ್ತಕದಲ್ಲಿ ಬರೆದಿರುವ ಕಿಲೋಮೀಟರ್ ತನಕ ಕಾಯಬಾರದು. ಡಬ್ಬಿ ತೆರೆದು ಫಿಲ್ಟರನ್ನು ಬಿಸಿಲಿಗೆ ಹಿಡಿಯಿರಿ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಹೊಸದು ಹಾಕಿ, ಕೆಲವು ನೂರು ರೂಪಾಯಿಯ ಕೆಲಸ. ಪಂಚರ್ ಅಂಗಡಿಯಲ್ಲಿ ಜೋರು ಗಾಳಿ ಹೊಡೆಸಿ ಮತ್ತೆ ಹಾಕಿಕೊಳ್ಳುವ ಅಭ್ಯಾಸ ಜಾಸ್ತಿ ಇದೆ. ಆ ಒತ್ತಡಕ್ಕೆ ಕಾಗದ ಸಣ್ಣಗೆ ತೂತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಹೋಗುವ ಧೂಳು ನೇರ ಟರ್ಬೋದ ಎಲೆಗಳಿಗೆ, ಅಂದರೆ ಬ್ಲೇಡ್‌ಗಳಿಗೆ, ಹೊಡೆಯುತ್ತದೆ. ಕಾರಿನ ಟರ್ಬೋ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುವ ವಸ್ತು, ಅಲ್ಲಿ ಮರಳು ಕಣವೂ ದೊಡ್ಡದೇ.

ಕೊನೆಗೆ ಒಂದು ಬಿಳಿ ಟಿಶ್ಯೂ ಕಾಗದ. ಎಂಜಿನ್ ಐಡಲ್‌ನಲ್ಲಿರುವಾಗ ಪಕ್ಕಕ್ಕೆ ನಿಂತು ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಒದ್ದೆಯಾಗಿ ಆರಿದ ಮೇಲೆ ಕಲೆ ಉಳಿಯದಿದ್ದರೆ ನೀರು. ಎಣ್ಣೆ ಜಿಡ್ಡಿನ ಚುಕ್ಕೆ ಉಳಿದರೆ ಆಯಿಲ್ ಅಥವಾ ಡೀಸೆಲ್, ಮೂಸಿದರೆ ಯಾವುದು ಅಂತ ಗೊತ್ತಾಗುತ್ತದೆ. ಒಣ ಕಪ್ಪು ಮಸಿ ಆದರೆ ಗಾಳಿ–ಇಂಧನದ ಲೆಕ್ಕ ತಪ್ಪಿದೆ.

ಬೆಳಗ್ಗೆ ಮಾತ್ರ ಬಿಳಿ ಹೊಗೆ, ಆಮೇಲೆ ಮಾಯ

ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋದವರ ಗಾಡಿಗಳೆಲ್ಲ ಹೀಗೇ ಕಾಣುತ್ತವೆ. ಬೆಟ್ಟದ ಎತ್ತರ 1,478 ಮೀಟರ್, ಚಳಿ ಚೆನ್ನಾಗೇ ಇರುತ್ತದೆ. ತಣ್ಣನೆ ಸೈಲೆನ್ಸರ್‌ನಲ್ಲಿ ಕೂತಿದ್ದ ನೀರು ಆವಿಯಾಗಿ ಹೊರಬರುತ್ತದೆ. ತೆಳ್ಳಗಿರುತ್ತದೆ, ಗಾಳಿಯಲ್ಲಿ ಬೇಗ ಕರಗುತ್ತದೆ, ಎಂಜಿನ್ ಬಿಸಿಯಾದರೆ ನಿಲ್ಲುತ್ತದೆ. ಏನೂ ಮಾಡಬೇಕಿಲ್ಲ.

ಡೀಸೆಲ್ ಗಾಡಿಯಲ್ಲಿ ಬೆಳಗ್ಗೆ ಬರುವ ಬಿಳಿ ಹೊಗೆ ಕಣ್ಣು ಉರಿಸಿ, ಹಸಿ ಡೀಸೆಲ್ ವಾಸನೆ ಬಂದು, ಎಂಜಿನ್ ನಡುಗುತ್ತಿದ್ದರೆ ಅದು ಆವಿಯಲ್ಲ. ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಮೊದಲು ಗ್ಲೋ ಪ್ಲಗ್ (ತಣ್ಣನೆ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಪ್ಲಗ್) ಪರೀಕ್ಷೆ ಮಾಡಿಸಿ. ಅದರ ಜೊತೆಗೇ ಡೀಸೆಲ್ ಫಿಲ್ಟರ್ ಅಡಿಯಲ್ಲಿ ನೀರು ತೆಗೆಯುವ ತಿರುಪು ಇದ್ದರೆ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ಕೂರುತ್ತದೆ. ಇವೆರಡೂ ಸರಿ ಇದ್ದರೆ ಇಂಜೆಕ್ಟರ್ ಕಡೆ ಹೋಗಬೇಕು, ಅದು ಪಂಪ್–ನಾಜಲ್ ಕೆಲಸ ಗೊತ್ತಿರುವವರಿಗೆ ಬಿಟ್ಟದ್ದು. ಬೇಗ ಸ್ಟಾರ್ಟ್ ಆಗಲಿ ಅಂತ ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಕೆಂಪಗೆ ಕಾದ ಪ್ಲಗ್‌ಗೆ ಅದು ತಗುಲಿದರೆ ಒಳಗೇ ಸಿಡಿಯುತ್ತದೆ.

ಬಿಸಿಯಾದ ಮೇಲೂ ಬಿಳಿ ಹೊಗೆ, ಕೂಲೆಂಟ್ ಕಮ್ಮಿಯಾಗುತ್ತಿದೆ

ಹೊಗೆ ದಟ್ಟವಾಗಿ ತೇಲುತ್ತಾ ನಿಂತು, ವಾಸನೆ ಸ್ವಲ್ಪ ಸಿಹಿಯಾಗಿದ್ದರೆ ಕೂಲೆಂಟ್ ಉರಿಯುತ್ತಿದೆ. ಎಲ್ಲರೂ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದೆ ಅನ್ನುತ್ತಾರೆ. ಬಹಳ ಸಲ ಅದೇ ಇರುತ್ತದೆ. ಆದರೆ ಡೀಸೆಲ್ ಗಾಡಿಯಲ್ಲಿ ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಕಳಿಸುವ ಸುಟ್ಟ ಗಾಳಿಯನ್ನು ತಣಿಸುವ ಭಾಗ) ಒಳಗೆ ಬಿರುಕು ಬಿಟ್ಟರೂ ಇದೇ ಲಕ್ಷಣ. ನೀರಿನಿಂದ ತಂಪಾಗುವ ಟರ್ಬೋ ಇರುವ ಪೆಟ್ರೋಲ್ ಗಾಡಿಯಲ್ಲಿ ಟರ್ಬೋ ಒಡಲಲ್ಲಿ ಬಿರುಕಿದ್ದರೂ ಹೀಗೇ. ಹೆಡ್ ಬಿಚ್ಚಿಸುವ ಮೊದಲು ಇವನ್ನು ನೋಡಿಸಿ.

ತಣ್ಣಗಿರುವಾಗ ಕೂಲೆಂಟ್ ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ. ಎಡೆಬಿಡದೆ ಗುಳ್ಳೆ ಬಂದರೆ ಸಿಲಿಂಡರ್‌ನ ಗ್ಯಾಸ್ ನೀರಿಗೆ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ನೋಡಿದ ಕೂಡಲೇ ಆಫ್ ಮಾಡಿ, ಬಿಸಿಯಾಗಲು ಬಿಡಬೇಡಿ. ಗುಳ್ಳೆ ಇಲ್ಲ, ಆಯಿಲ್ ಸ್ವಚ್ಛ ಇದೆ, ಆದರೂ ಕೂಲೆಂಟ್ ಮಾಯವಾಗುತ್ತಿದೆ ಅಂದರೆ ಇಜಿಆರ್ ಕೂಲರ್ ಮೊದಲು. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ಸ್ವಲ್ಪ ಇದ್ದರೆ ಹೆದರಬೇಡಿ, ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಆವಿ ಕೂತು ಹಾಗಾಗುತ್ತದೆ. ಅದೇ ನೊರೆ ಆಯಿಲ್ ಕಡ್ಡಿಯಲ್ಲೂ ಕಂಡರೆ ಮಾತ್ರ ಗಾಡಿ ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ, ಟರ್ಬೋದ್ದೂ ಸೇರಿ.

ಹಾಗೆಯೇ ಒಂದು ವಿಷಯ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಬಿಚ್ಚಿದವರಿಗೆ ಗೊತ್ತು. ಅದೇ ನೀರನ್ನು ರೇಡಿಯೇಟರ್‌ಗೆ ಸುರಿಯಬೇಡಿ. ಸುಣ್ಣ ಕಟ್ಟಿ ನೀರಿನ ದಾರಿ ಕಿರಿದಾಗುತ್ತದೆ, ಎಂಜಿನ್ ಕಾಯುತ್ತದೆ, ಹೆಡ್ ಸೊಟ್ಟಗಾಗುತ್ತದೆ. ಡಿಸ್ಟಿಲ್ಡ್ ವಾಟರ್ ಜೊತೆ ಸರಿಯಾದ ಕೂಲೆಂಟೇ ಹಾಕಿ. ದಾರಿಯಲ್ಲಿ ಗತಿಯಿಲ್ಲದೆ ಮಾಮೂಲಿ ನೀರು ಹಾಕಿದರೆ ಊರು ಮುಟ್ಟಿದ ಮೇಲೆ ತೆಗೆಸಿಬಿಡಿ.

ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ, ಪಿಕಪ್ ಇಲ್ಲ

ಟರ್ಬೋ ಡೀಸೆಲ್‌ನಲ್ಲಿ ಜಾಸ್ತಿ ಕಾಣುವ ದೂರು ಇದೇ. ಒಲೆಗೆ ಗಾಳಿ ಊದದೆ ಬರೀ ಸೌದೆ ತುರುಕಿದ ಹಾಗೆ, ಇಂಧನ ಹೋಗುತ್ತಿದೆ, ಅದಕ್ಕೆ ತಕ್ಕ ಗಾಳಿ ಹೋಗುತ್ತಿಲ್ಲ. ಏರ್ ಫಿಲ್ಟರ್ ಆಗಲೇ ನೋಡಿದ್ದೀರಿ. ಮುಂದಿನದು ಟರ್ಬೋದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳು.

ತಿಪಟೂರಿನ ನಮ್ಮ ನೆಂಟರೊಬ್ಬರ ಡೀಸೆಲ್ ಕಾರಿನದ್ದು ಹೇಳುತ್ತೇನೆ. ಕೊಬ್ಬರಿ ಮಂಡಿಗೆ ಒಂದೆರಡು ಮೂಟೆ ಹಾಕಿಕೊಂಡು ಹೋಗಿಬರುವ ಗಾಡಿ. ಏರು ಬಂತೆಂದರೆ ಹಿಂದೆ ಕಪ್ಪು ಮೋಡ, ಮೂರನೇ ಗೇರಿನಲ್ಲೂ ಎಳೆಯುತ್ತಿರಲಿಲ್ಲ. ಟರ್ಬೋ ಹೋಗಿದೆ, ಬದಲಿಸಬೇಕು ಅಂತ ಗ್ಯಾರೇಜಿನಲ್ಲಿ ಹೇಳಿಯಾಗಿತ್ತು. ಬಾನೆಟ್ ಎತ್ತಿ ನೋಡಿದರೆ ಹೋಸ್ ಮೇಲಿಂದ ಹೊಸದರ ಹಾಗೇ ಇತ್ತು. ಟಾರ್ಚ್ ಹಿಡಿದು ಅಡಿಯಿಂದ ನೋಡಿದಾಗ, ಇಂಟರ್‌ಕೂಲರ್ ಹತ್ತಿರದ ಕ್ಲಿಪ್ಪಿನ ಪಕ್ಕದಲ್ಲೇ ಒದ್ದೆ ಒದ್ದೆಯಾದ ಒಂದು ಗೆರೆ, ಅದರ ಮೇಲೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಬಟ್ಟೆಯಲ್ಲಿ ಒರೆಸಿ ಹೋಸನ್ನು ಹಿಂಡಿದಾಗ ಸೀಳು ಬಾಯಿ ಬಿಟ್ಟಿತು, ಕೈ ತೆಗೆದರೆ ಮುಚ್ಚಿಕೊಂಡಿತು. ಐಡಲ್‌ನಲ್ಲಿ ಒತ್ತಡ ಇಲ್ಲ, ಸೀಳು ಮುಚ್ಚಿರುತ್ತದೆ. ಏರಿನಲ್ಲಿ ಬೂಸ್ಟ್ (ಟರ್ಬೋ ಕೊಡುವ ಗಾಳಿಯ ಒತ್ತಡ) ಬಂದರೆ ತೆರೆದುಕೊಂಡು ಗಾಳಿಯೆಲ್ಲ ಹೊರಗೆ. ಹೋಸ್ ಬದಲಿಸಿದ ಮೇಲೆ ಟರ್ಬೋ ಮುಟ್ಟಬೇಕಾಗಲೇ ಇಲ್ಲ.

ಹಾಗಾಗಿ ಹೋಸ್‌ಗಳನ್ನು ಮೇಲಿಂದ ನೋಡಿ ಬಿಡಬೇಡಿ. ಎಂಜಿನ್ ತಣ್ಣಗಿರುವಾಗ ಪ್ರತಿಯೊಂದನ್ನೂ ಹಿಂಡಿ, ತಿರುಚಿ, ಕ್ಲಿಪ್ಪಿನ ಅಂಚಿನಲ್ಲಿ ಎಣ್ಣೆ–ಧೂಳಿನ ಪಟ್ಟಿ ಇದೆಯಾ ನೋಡಿ. ಓಡಿಸುವಾಗ ಕಿವಿಯನ್ನೂ ಕೊಡಿ. ಬೂಸ್ಟ್ ಬರುವಾಗ "ಸ್ಸ್" ಅಂತ ಗಾಳಿ ಸೋರುವ ಶಬ್ದ ಬಂದರೆ ಹೋಸ್ ಅಥವಾ ಇಂಟರ್‌ಕೂಲರ್. ಸಣ್ಣ ಸಿಳ್ಳೆ ಟರ್ಬೋಗೆ ಮಾಮೂಲು. ಆಂಬುಲೆನ್ಸ್ ಸೈರನ್ ಥರ ಏರುತ್ತಾ ಹೋಗುವ ಕೂಗು ಮಾಮೂಲಲ್ಲ, ಎಲೆಗಳು ಒಡಲಿಗೆ ತಾಗುತ್ತಿರಬಹುದು. ಅಲ್ಲಿಗೆ ಓಡಿಸುವುದು ನಿಲ್ಲಿಸಿ.

ಟರ್ಬೋವನ್ನು ನಿಯಂತ್ರಿಸುವ ತೆಳ್ಳನೆ ವ್ಯಾಕ್ಯೂಮ್ ಪೈಪುಗಳನ್ನು ಇಲಿ, ಅಳಿಲು ಕಡಿದಿರುತ್ತವೆ. ಮರದ ಕೆಳಗೆ, ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವವರು ಇದನ್ನು ಮೊದಲೇ ನೋಡಿ. ಪುಡಿಗಾಸಿನ ಪೈಪು, ಆದರೆ ಅದು ತುಂಡಾದರೆ ಟರ್ಬೋ ಸತ್ತಂತೆಯೇ ವರ್ತಿಸುತ್ತದೆ.

ಇಷ್ಟರ ಮೇಲೆ ಗಾಡಿಯ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0299 ಅಂದರೆ ಬೂಸ್ಟ್ ಕಮ್ಮಿ, ಪಿ0234 ಅಂದರೆ ಬೂಸ್ಟ್ ಜಾಸ್ತಿ, ಪಿ0101 ಅಂದರೆ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಲೆಕ್ಕ ಹೊಂದುತ್ತಿಲ್ಲ. ಪಿ0299 ಬಂತು ಅಂದಮಾತ್ರಕ್ಕೆ ಟರ್ಬೋ ಕೆಟ್ಟಿದೆ ಅಂತಲ್ಲ, ಗಾಳಿ ಬೇಕಾದಷ್ಟು ಒತ್ತಡದಲ್ಲಿ ಬರುತ್ತಿಲ್ಲ ಅಂತ ಅಷ್ಟೇ. ಹರಿದ ಹೋಸ್‌ಗೂ ಅದೇ ಕೋಡ್. ಮ್ಯಾಫ್ ಸೆನ್ಸರನ್ನು ಅದಕ್ಕೇ ಇರುವ ಸ್ಪ್ರೇಯಿಂದ ಮಾತ್ರ ತೊಳೆಯಬೇಕು. ಬಟ್ಟೆ, ಬ್ರಷ್, ಪೆಟ್ರೋಲ್ ಮುಟ್ಟಿಸಿದರೆ ಅದರ ಕೂದಲಿನಂಥ ತಂತಿ ಹಾಳಾಗುತ್ತದೆ. ಆಮೇಲೆ ಇಜಿಆರ್ ವಾಲ್ವ್. ಮಸಿ ಕಟ್ಟಿ ತೆರೆದೇ ನಿಂತರೆ ಸುಟ್ಟ ಗಾಳಿಯೇ ಮತ್ತೆ ಎಂಜಿನ್‌ಗೆ ಹೋಗುತ್ತದೆ, ಹೊಗೆ ಕಪ್ಪಾಗುತ್ತದೆ. ಬಿಚ್ಚಿ ತೊಳೆದರೆ ಬಹಳ ಸಲ ಸರಿಹೋಗುತ್ತದೆ. ವೇರಿಯಬಲ್ ಟರ್ಬೋದ ಒಳಗೆ ಬೂಸ್ಟ್ ಹೊಂದಿಸಲು ಕೋನ ಬದಲಿಸುವ ರೆಕ್ಕೆಗಳೂ ಹೀಗೇ ಮಸಿಯಿಂದ ಬಿಗಿದುಕೊಳ್ಳುತ್ತವೆ. ಪೇಟೆಯೊಳಗೆ ಮಾತ್ರ ನಿಧಾನಕ್ಕೆ ಓಡುವ ಗಾಡಿಗಳಲ್ಲಿ ಇದು ಜಾಸ್ತಿ. ಕೊನೆಗೆ ಉಳಿಯುವುದು ಸೋರುವ ಇಂಜೆಕ್ಟರ್. ಐಡಲ್‌ನಲ್ಲೂ ಕಪ್ಪು ಹೊಗೆ, ಜೊತೆಗೆ ಟಕ ಟಕ ಶಬ್ದ ಇದ್ದರೆ ಅದರ ಕಡೆ ನೋಡಬೇಕು.

ಎಮಿಷನ್ ಟೆಸ್ಟ್ ಪಾಸಾಯಿತು, ಹಾಗಾದರೆ ಗಾಡಿ ಸರಿ ಇದೆ ಅಂದುಕೊಳ್ಳಬೇಡಿ. ಡೀಸೆಲ್ ಹೊಗೆ ಅಳೆಯುವುದು ಗಾಡಿ ನಿಂತಲ್ಲೇ ರೇಸ್ ಮಾಡಿ. ಹೊಗೆಯ ಮಿತಿ ಬಿಎಸ್4 (ಬಿಎಸ್ ಅಂದರೆ ಭಾರತದ ಮಾಲಿನ್ಯ ಮಾನದಂಡ) ಗಾಡಿಗೆ 50, ಅದಕ್ಕಿಂತ ಹಳೆಯದಕ್ಕೆ 65 ಹಾರ್ಟ್ರಿಜ್ ಯೂನಿಟ್, ಹೊಗೆ ಎಷ್ಟು ದಟ್ಟ ಅನ್ನುವ ಅಳತೆ ಅದು. ಭಾರ ಇಲ್ಲದೆ ಅಳೆಯುವುದರಿಂದ ಏರಿನಲ್ಲಿ ಮಾತ್ರ ಬಾಯಿ ಬಿಡುವ ಸೀಳು ಅಲ್ಲಿ ಸಿಗದೇ ಹೋಗಬಹುದು.

ಟರ್ಬೋ ಪೆಟ್ರೋಲ್‌ನಲ್ಲಿ ಕಪ್ಪು ಹೊಗೆ ಬಂದರೆ ಕಾಯಬೇಡಿ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರಂತೂ ಮಿಸ್‌ಫೈರ್ ಆಗುತ್ತಿದೆ ಅಂತ. ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತದೆ. ನಿಲ್ಲಿಸಿ, ಟೋ ಮಾಡಿಸಿ.

ನೀಲಿ ಹೊಗೆ, ಆಯಿಲ್ ಇಳಿಯುತ್ತಿದೆ

ಇಲ್ಲಿ ಹೊತ್ತು ನೋಡುವುದು ಬಹಳ ಮುಖ್ಯ. ರಾತ್ರಿಯೆಲ್ಲ ನಿಂತು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ಬಂದು ನಿಂತರೆ ವಾಲ್ವ್ ಸೀಲ್ (ಹೆಡ್‌ನಿಂದ ಆಯಿಲ್ ಸಿಲಿಂಡರ್‌ಗೆ ಇಳಿಯದಂತೆ ತಡೆಯುವ ಸೀಲ್) ಸವೆದಿದೆ. ಇಳಿಜಾರಿನಲ್ಲಿ ಕಾಲು ಎತ್ತಿ ಬಂದು ಕೆಳಗೆ ಒತ್ತಿದಾಗ ಬಂದರೂ ಹೆಚ್ಚಾಗಿ ಅದೇ. ಏರಿನಲ್ಲಿ, ಭಾರದಲ್ಲಿ ಒಂದೇ ಸಮ ಬಂದರೆ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಸಂದಿ ಮುಚ್ಚುವ ಲೋಹದ ಬಳೆ) ಮೇಲೆ ಅನುಮಾನ. ಸಿಗ್ನಲ್‌ನಲ್ಲಿ ಹೊತ್ತು ಕಾದು ಹೊರಟಾಗ ದಟ್ಟವಾಗಿ ಬಂದರೆ ಟರ್ಬೋ ಸೀಲ್ ಅಥವಾ ವಾಲ್ವ್ ಸೀಲ್, ಎರಡೂ ಇರಬಹುದು.

ಮಟ್ಟ ಜಾಸ್ತಿ ಇಲ್ಲ ಅಂತ ಖಚಿತವಾದ ಮೇಲೆ ಬ್ರೀದರ್ ಪೈಪ್ ಬಿಚ್ಚಿ ನೋಡಿ, ಕಟ್ಟಿಕೊಂಡಿದ್ದರೆ ತೊಳೆಯಿರಿ. ಆಮೇಲೆ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ತಲೆಕೆಳಗಾಗಿ ಅಲ್ಲೇ ಇಡಿ. ಸ್ವಲ್ಪ ಗಾಳಿ ಬರುವುದು ಸಹಜ. ಮುಚ್ಚಳ ಕುಣಿದು ಹಾರಿಬಿದ್ದು, ಹೊಗೆ ಬುಸ್ ಬುಸ್ ಅಂತ ಬಂದರೆ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಇರುವ ಎಂಜಿನ್‌ನ ಕೆಳಭಾಗ) ಒಳಗೆ ಒತ್ತಡ ಜಾಸ್ತಿ. ಬ್ರೀದರ್ ಸರಿ ಇದ್ದೂ ಹೀಗಾದರೆ ರಿಂಗ್ ಸವೆದಿದೆ. ಕಂಪ್ರೆಷನ್ ಟೆಸ್ಟ್ ಮಾಡಿಸಿ.

ಈ ಒತ್ತಡದ ವಿಷಯ ಅರ್ಥ ಮಾಡಿಕೊಳ್ಳದೆ ಎಷ್ಟೋ ಟರ್ಬೋಗಳು ಸುಮ್ನೆ ಗುಜರಿಗೆ ಹೋಗುತ್ತಿವೆ. ಟರ್ಬೋ ಶಾಫ್ಟ್ ತೇಲುವುದು ಆಯಿಲ್ ಪೊರೆಯ ಮೇಲೆ. ಎಂಜಿನ್‌ನಿಂದ ಒಂದು ಸಣ್ಣ ಪೈಪಿನಲ್ಲಿ ಆಯಿಲ್ ಒತ್ತಡದಲ್ಲಿ ಬರುತ್ತದೆ, ಕೆಲಸ ಮುಗಿಸಿ ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೇ ಇಳಿದು ಎಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್‌ಗೆ ವಾಪಸ್ ಹೋಗುತ್ತದೆ. ಟರ್ಬೋ ಒಳಗಿನ ಸೀಲ್ ರಬ್ಬರಿನದ್ದಲ್ಲ, ತೆಳ್ಳನೆ ಲೋಹದ ರಿಂಗ್. ಆಯಿಲ್ ಇಳಿದು ಹೋಗುತ್ತಿದ್ದರೆ ಮಾತ್ರ ಅದು ತಡೆಯುತ್ತದೆ. ಇಳಿಯುವ ಪೈಪು ಕರಿಕಟ್ಟಿದರೆ, ಬಗ್ಗಿದರೆ, ಅಥವಾ ಕೆಳಗೆ ಕ್ರ್ಯಾಂಕ್‌ಕೇಸ್ ಒತ್ತಡವೇ ಆಯಿಲ್ಲನ್ನು ಮೇಲಕ್ಕೆ ನೂಕಿದರೆ, ಹೊಚ್ಚ ಹೊಸ ಟರ್ಬೋ ಕೂಡ ಆಯಿಲ್ ಕಕ್ಕುತ್ತದೆ. ಪೈಪಿನ ಬಾಯಿಗೆ ಗ್ಯಾಸ್ಕೆಟ್ ಬದಲು ಸಿಲಿಕೋನ್ ಪೇಸ್ಟ್ ಬಳಿದು ಬಿಗಿದಿದ್ದರೆ, ಹಿಂಡಿಕೊಂಡ ಪೇಸ್ಟು ಒಳಗಡೆ ನೇತಾಡುತ್ತಾ ಅರ್ಧ ದಾರಿ ಮುಚ್ಚಿರುತ್ತದೆ. ಪೈಪು ಬಿಚ್ಚಿ ಟಾರ್ಚ್ ಬಿಟ್ಟು ನೋಡದೆ ಇದು ಕಾಣುವುದಿಲ್ಲ.

ಈಗ ಟರ್ಬೋ. ಎಂಜಿನ್ ಆಫ್, ಪೂರ್ತಿ ತಣ್ಣಗಿರಬೇಕು. ಏರ್ ಫಿಲ್ಟರ್ ಕಡೆಯ ಪೈಪು ಬಿಚ್ಚಿ. ಎಲೆಗಳ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಸಲೀಸಾಗಿ ತಿರುಗಬೇಕು. ಮೇಲೆ ಕೆಳಗೆ ಅಲ್ಲಾಡಿಸಿ, ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ, ಆಯಿಲ್ ಒತ್ತಡ ಇಲ್ಲದಾಗ ಅದು ಸಹಜ. ಅದನ್ನು ತೋರಿಸಿ ಟರ್ಬೋ ಹೋಗಿದೆ ಅಂದರೆ ನಂಬಬೇಡಿ. ಒಳಗೆ ಹೊರಗೆ ಎಳೆದು ನೋಡಿ. ಆ ಕಡೆ ಆಟ ಕೈಗೆ ಗೊತ್ತಾಗಬಾರದು, ಗೊತ್ತಾದರೆ ಬೇರಿಂಗ್ ಹೋಗಿದೆ. ಎಲೆಯ ತುದಿ ಒಡಲಿಗೆ ಉಜ್ಜಿದ ಗೀರು ಇದ್ದರೆ, ಎಲೆ ಬಾಗಿದ್ದರೆ, ಮುರಿದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಪೈಪು ಬಿಚ್ಚಿಟ್ಟು ಎಂಜಿನ್ ಓಡಿಸುವುದಂತೂ ಎಂದೂ ಬೇಡ. ಬಟ್ಟೆ, ನಟ್ಟು, ಬೆರಳು, ಏನು ಸಿಕ್ಕರೂ ಎಳೆದುಕೊಳ್ಳುತ್ತದೆ.

ಇಂಟರ್‌ಕೂಲರ್ ಕಡೆಯ ಪೈಪಿನ ಒಳಗೆ ಬೆರಳಿಗೆ ಹತ್ತುವಷ್ಟು ಜಿಡ್ಡು ಇದ್ದೇ ಇರುತ್ತದೆ, ಬ್ರೀದರ್‌ನಿಂದ ಬಂದದ್ದು. ಪೈಪು ಬಗ್ಗಿಸಿದರೆ ಸುರಿಯುವಷ್ಟು ಆಯಿಲ್ ಇದ್ದರೆ ಮಾತ್ರ ತೊಂದರೆ. ಈ ಕಡೆ ಒಣಗಿದ್ದು ಸೈಲೆನ್ಸರ್ ಕಡೆಯ ಬಾಯಿ ಆಯಿಲ್‌ನಿಂದ ಒದ್ದೆಯಾಗಿದ್ದರೆ ಸೋರುತ್ತಿರುವುದು ಬಿಸಿ ಬದಿಯಲ್ಲಿ.

ಬಿಎಸ್6 ಡೀಸೆಲ್: ಹೊಗೆ ಕಾಣದು, ಆದರೆ ಆಯಿಲ್ ಮಟ್ಟ ಏರುತ್ತಿದೆ

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಹೋಸ್ ಹರಿದರೂ ಕಪ್ಪು ಹೊಗೆ ಹೊರಗೆ ಕಾಣುವುದಿಲ್ಲ, ಬದಲಿಗೆ ಡಿಪಿಎಫ್ ಬೇಗ ತುಂಬುತ್ತದೆ. ಪದೇ ಪದೇ ದೀಪ ಬರುತ್ತಿದ್ದರೆ ಡಿಪಿಎಫ್ ಮಾತ್ರ ತೊಳೆಸಿ ಬರಬೇಡಿ, ಕಪ್ಪು ಹೊಗೆಗೆ ಹೇಳಿದ ತಪಾಸಣೆ ಪೂರ್ತಿ ಮಾಡಿ. ಸೈಲೆನ್ಸರ್ ಬಾಯಿ ಒಳಗೆ ಬೆರಳಾಡಿಸಿದರೆ ದಪ್ಪ ಮಸಿ ಹತ್ತುತ್ತಿದ್ದರೆ ಡಿಪಿಎಫ್ ಒಡೆದಿದೆ ಅಥವಾ ಯಾರೋ ತೆಗೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡಲೇಬೇಕು.

ಡಿಪಿಎಫ್ ತನ್ನೊಳಗಿನ ಮಸಿಯನ್ನು 600 ಡಿಗ್ರಿ ಆಸುಪಾಸಿನಲ್ಲಿ ಸುಟ್ಟುಕೊಳ್ಳುತ್ತದೆ. ಆಗ ಬಿಸಿ ವಾಸನೆ, ಫ್ಯಾನ್ ಜೋರಾಗಿ ತಿರುಗುವುದು ಸಹಜ. ಆ ಹೊತ್ತಿನಲ್ಲಿ ಒಣಹುಲ್ಲು, ಮೆದೆ ಹತ್ತಿರ ನಿಲ್ಲಿಸಬೇಡಿ. ಸುಡುವುದಕ್ಕೆ ಜಾಸ್ತಿ ಡೀಸೆಲ್ ಹಾಯಿಸಲಾಗುತ್ತದೆ, ನಡುವೆ ಪದೇ ಪದೇ ಆಫ್ ಮಾಡಿದರೆ ಅದು ಆಯಿಲ್‌ಗೆ ಇಳಿಯುತ್ತದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸುವ ತನಕ ಓಡಿಸಬೇಡಿ. ದೀಪ ಬಂದಾಗ ಹೆದ್ದಾರಿಯಲ್ಲಿ ಶಿರಾ ಕಡೆಗೋ ಮುಳಬಾಗಿಲು ಕಡೆಗೋ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಹೋಗಿಬಂದರೆ ಸಾಮಾನ್ಯವಾಗಿ ಸುಟ್ಟು ಮುಗಿಯುತ್ತದೆ.

ಕಾಲು ತೆಗೆದರೂ ಎಂಜಿನ್ ತಾನಾಗೇ ರೇಸ್ ಆಗುತ್ತಿದೆ, ಹಿಂದೆ ದಟ್ಟ ಹೊಗೆ

ಇದು ಡೀಸೆಲ್ ಗಾಡಿಯಲ್ಲಿ ಬರುವ ಅತಿ ಅಪಾಯದ ಸ್ಥಿತಿ. ಟರ್ಬೋದಿಂದ ಸೋರಿದ ಆಯಿಲ್ಲನ್ನೇ ಎಂಜಿನ್ ಇಂಧನವಾಗಿ ಉರಿಸುತ್ತಿರುತ್ತದೆ. ಕೀ ಆಫ್ ಮಾಡಿದರೂ ನಿಲ್ಲದೇ ಹೋಗಬಹುದು. ಮ್ಯಾನುಯಲ್ ಗಾಡಿ ಆದರೆ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ತುಳಿದು, ಕೈ ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ ಕ್ಲಚ್ ಒಮ್ಮೆಗೇ ಬಿಡಿ. ಎಂಜಿನ್ ಹೊಡೆದುಕೊಂಡು ನಿಲ್ಲುತ್ತದೆ. ಕ್ಲಚ್ ಹಾಳಾದರೆ ಆಗಲಿ. ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್‌ಗೆ ಹಾಕಿ, ಕೀ ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ಎತ್ತಿ ಕೈಯಿಂದ ಗಾಳಿ ಮುಚ್ಚಲು ಹೋಗಬೇಡಿ. ಎಂಜಿನ್ ಒಡೆದು ಚೂರು ಹಾರಬಹುದು. ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ನೋಡುವುದೂ ಬೇಡ.

ಟರ್ಬೋ ಬದಲಿಸಲೇಬೇಕಾದರೆ

ಹಳೇ ಟರ್ಬೋ ಯಾಕೆ ಹೋಯಿತು ಅಂತ ಮೊದಲು ಕೇಳಿ. ಎಲೆಗಳು ಸವೆದಿದ್ದರೆ ಫಿಲ್ಟರ್ ಕಡೆಯಿಂದ ಧೂಳು ಹೋಗಿದೆ. ಶಾಫ್ಟ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಸಾಕಾಗಿಲ್ಲ. ಆ ಕಾರಣ ಹಾಗೇ ಉಳಿದರೆ ಹೊಸದೂ ಹೋಗುತ್ತದೆ. ಆಯಿಲ್ ಬರುವ ಸಣ್ಣ ಪೈಪು ಹೊಸದಾಗಿರಲಿ, ಅದರ ಬೋಲ್ಟ್ ಒಳಗೆ ಜಾಲರಿ ಇದ್ದರೆ ತೊಳೆದಿರಲಿ. ಇಳಿಯುವ ಪೈಪಿಗೆ ಗ್ಯಾಸ್ಕೆಟೇ ಹಾಕಲಿ, ಪೇಸ್ಟ್ ಬೇಡ. ಇಂಟರ್‌ಕೂಲರ್ ಬಿಚ್ಚಿ ಒಳಗಿನ ಆಯಿಲ್ ಬಸಿಯಲೇಬೇಕು. ಇಲ್ಲದಿದ್ದರೆ ಅದೇ ಎಣ್ಣೆಯನ್ನು ಎಳೆದುಕೊಂಡು ಎಂಜಿನ್ ತಾನಾಗೇ ರೇಸ್ ಆಗಬಹುದು. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮೂರೂ ಹೊಸದು. ಸ್ಟಾರ್ಟ್ ಮಾಡುವ ಮೊದಲು ಟರ್ಬೋದ ಆಯಿಲ್ ಬಾಯಿಗೆ ಸ್ವಲ್ಪ ಆಯಿಲ್ ಹನಿಸಿ ಕೈಯಲ್ಲಿ ತಿರುಗಿಸಿರಬೇಕು. ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲೇ ಇರಲಿ, ರೇಸ್ ಮಾಡಿ ತೋರಿಸುವ ಅವಸರ ಬೇಡ.

ಮೊದಲ ದಿನ ಹೊಗೆ ಬಂದರೆ ಗಾಬರಿಯಾಗಬೇಡಿ, ಸೈಲೆನ್ಸರ್ ಒಳಗೆ ಉಳಿದ ಹಳೇ ಆಯಿಲ್ ಸುಡುತ್ತಿರುತ್ತದೆ. ಹೆದ್ದಾರಿಯಲ್ಲಿ ಸ್ವಲ್ಪ ದೂರ ಓಡಿಸಿದರೆ ದಿನದಿಂದ ದಿನಕ್ಕೆ ಕಮ್ಮಿಯಾಗಬೇಕು. ಕಮ್ಮಿಯಾಗದೆ ನೀಲಿ ಹಾಗೇ ಉಳಿದು ಆಯಿಲ್ ಕಡ್ಡಿಯಲ್ಲಿ ಮಟ್ಟವೂ ಇಳಿಯುತ್ತಿದ್ದರೆ ಟರ್ಬೋ ಮತ್ತೆ ಬಿಚ್ಚಿಸುವ ಮೊದಲು ಆಯಿಲ್ ಇಳಿಯುವ ಪೈಪು ಮತ್ತು ಬ್ರೀದರ್ ಎರಡನ್ನೂ ನಿಮ್ಮ ಕಣ್ಣೆದುರೇ ಬಿಚ್ಚಿ ತೋರಿಸಲು ಹೇಳಿ.